ಇನ್ನೂರು ಸಲ ಮೂವತ್ತು ಸೆಕೆಂಡು

"ಬಾಯಿ ಇನ್ನೂ ಸ್ವಲ್ಪ ತೆಗೀರಿ," ಎಂದು ಬಗ್ಗಿದವನಿಗೆ ಆ ಬಾಯೊಳಗಿನ ಕತ್ತಲು ಕಂಡು, ರಾತ್ರಿ ಮೋಡ ಕವಿಯದಿದ್ದರೆ ಸಾಕು ಅನಿಸಿತು.

ಕುರ್ಚಿಯಲ್ಲಿ ಒರಗಿದ್ದವನು ನಿವೃತ್ತ ಬಸ್ ಚಾಲಕ. ದವಡೆ ಹಲ್ಲು, ಬೇರಿನವರೆಗೂ ಹುಳುಕು. ಬಗ್ಗಿದವನು ದಂತವೈದ್ಯ. ಹದಿನೆಂಟು ವರ್ಷ ಅವನು ಮಾತಾಡಿದ್ದೆಲ್ಲ ಮರುಮಾತಾಡಲಾಗದವರ ಜೊತೆಗೇ. ಅದು ಒಗ್ಗಿಹೋಗಿತ್ತು.

"ಈಚೆಗೆ ನಕ್ಷತ್ರದ ಫೋಟೋ ತೆಗೀತಿದೀನಿ," ಎಂದ, ಇಕ್ಕಳ ಕೈಗೆತ್ತಿಕೊಳ್ಳುತ್ತ.

ಹಲ್ಲು ಕಿತ್ತು ಬಂದ ಮೇಲೆ ಚಾಲಕ ಹತ್ತಿ ಕಚ್ಚಿಕೊಂಡೇ ಹೇಳಿದ: "ಅದಕ್ಕೆ ಕ್ಯಾಮೆರಾ ಯಾಕೆ ಡಾಕ್ಟ್ರೇ? ನಿಮ್ಮ ಕುರ್ಚೀಲಿ ಕೂತ್ರೆ ಹಗಲಲ್ಲೇ ಕಾಣುತ್ತೆ."

ನಗಬೇಕಿತ್ತು. ನಗುವಷ್ಟರಲ್ಲಿ ಮುಂದಿನವರು ಬಂದು ಕೂತಿದ್ದರು.

ಕ್ಯಾಮೆರಾ ಅಂಗಡಿಯವನು ಮೂರೇ ಮಾತು ಹೇಳಿದ್ದ. ಮುಟ್ಟಬೇಡಿ, ಬೆಳಕು ಹಾಕಬೇಡಿ, ನಡುವೆ ನಿಲ್ಲಿಸಬೇಡಿ. ಮೂವತ್ತು ಸೆಕೆಂಡಿಗೆ ಒಂದರಂತೆ ಕ್ಯಾಮೆರಾ ತಾನೇ ಇನ್ನೂರು ಚಿತ್ರ ತೆಗೆಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ನಕ್ಷತ್ರಗಳು ಸಾಗಿದ ದಾರಿ ಗೆರೆಗೆರೆಯಾಗಿ ಮೂಡುತ್ತದೆ. ಏನೂ ಮಾಡದಿರುವುದನ್ನೇ ಶ್ರದ್ಧೆಯಿಂದ ಮಾಡುವ ಇಂಥ ಕೆಲಸ ಇಷ್ಟು ದಿನ ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡಿದ್ದ.

ಆದರೂ ಮೂರು ಸಲ ಕೆಟ್ಟಿತ್ತು. ಮೊದಲ ಸಲ ಫೋಕಸ್ ತಪ್ಪಿ ನಕ್ಷತ್ರಗಳೆಲ್ಲ ಅಂಗಿಯ ಗುಂಡಿಯಷ್ಟಾಗಿದ್ದವು. ಎರಡನೆಯ ಸಲ ಬ್ಯಾಟರಿ ಕೈಕೊಟ್ಟಿತು. ಮೂರನೆಯ ಸಲ ಲೆನ್ಸಿನ ಮೇಲೆ ಇಬ್ಬನಿ.

ಊಟಕ್ಕೆ ಕೂತಾಗ ಹೆಂಡತಿ ಏನೋ ಹೇಳಲು ಹೊರಟಳು. "ಆಮೇಲೆ," ಎಂದ. ಚಂದ್ರ ಹುಟ್ಟುವುದರೊಳಗೆ ಮುಗಿಸಬೇಕಿತ್ತು.

ತಾರಸಿಯ ಮೇಲೆ ಉತ್ತರಕ್ಕೆ ಮುಖಮಾಡಿ ಕ್ಯಾಮೆರಾ ನಿಲ್ಲಿಸಿದ. ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಧ್ರುವ ನಕ್ಷತ್ರ. ಕ್ಲಿಕ್. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೈಕಟ್ಟಿ ಕೂತ.

ಅರವತ್ತೋ ಎಪ್ಪತ್ತೋ ಚಿತ್ರ ಆಗಿರಬೇಕು. ಮೆಟ್ಟಿಲ ಮೇಲೆ ಬೆಳಕು ಆಡಿತು.

"ಟಾರ್ಚ್ ಆರಿಸು!"

ಆರಿತು. ಹೆಂಡತಿ ಕತ್ತಲಲ್ಲೇ ತಡವಿಕೊಂಡು ಬಂದು ತಾರಸಿಯ ಮೋಟುಗೋಡೆಗೆ ಒರಗಿ ನಿಂತಳು. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಮಾತಿಗೆ ಪೀಠಿಕೆ ಹಾಕುವ ಅಭ್ಯಾಸವಿರಲಿಲ್ಲ.

"ವರ್ಗದ ಆರ್ಡರ್ ಬಂದಿದೆ. ಹೆಡ್‌ಮಿಸ್ ಮಾಡಿದಾರೆ."

"ಒಳ್ಳೇದಾಯ್ತಲ್ಲ. ಯಾವಾಗ?"

"ಸೋಮವಾರ. ಆರು ಗಂಟೆ ದಾರಿ."

ಕ್ಲಿಕ್.

"ವಾರಕ್ಕೊಮ್ಮೆ ಬಂದು ಹೋಗ್ಬೋದು," ಎಂದ.

"ನಾನೇ ಅರ್ಜಿ ಹಾಕಿದ್ದು. ಹೋದ ವರ್ಷ. ನಿಮಗೆ ಹೇಳಿದ್ದೆ."

ಹೇಳಿದ್ದಳೇ? ನೆನಪಿಗೆ ಬರಲಿಲ್ಲ. "ಹೌದು, ಹೌದು. ನೀನು ಹೇಳಿದ್ದೆ."

"ಹೇಳಿರ್ಲಿಲ್ಲ," ಎಂದಳು.

ಕ್ಲಿಕ್. ಎಲ್ಲೋ ಒಂದು ನಾಯಿ ಬೊಗಳಲು ಶುರುಮಾಡಿ, ಯಾಕೋ ಬೇಡವೆನಿಸಿದಂತೆ ಬಿಟ್ಟಿತು.

"ನೀವೂ ಬನ್ನಿ ಅನ್ನೋಕೆ ಬಂದಿಲ್ಲ. ಹೋಗ್ಬೇಡ ಅಂತೀರೇನೋ, ನೋಡೋಣ ಅಂತ ಬಂದೆ."

ಮಾತು ನಾಲಿಗೆಯ ತುದಿಗೆ ಬಂದದ್ದು ನಿಜ. ಹೊರಗೆ ಬಿದ್ದದ್ದು ಮಾತ್ರ ಬೇರೆ.

"ಸ್ವಲ್ಪ ಈಚೆ ಬಾ. ಫ್ರೇಮಿನಲ್ಲಿದೀಯ."

ಅವಳು ಕದಲಲಿಲ್ಲ. ಅವನು ಕ್ಲಿಕ್ಕುಗಳನ್ನು ಎಣಿಸಿದ. ಹನ್ನೊಂದು. ಎದ್ದು ಹೋಗಿ ಕೈಹಿಡಿದು ಈಚೆ ಕರೆತರಬಹುದಿತ್ತು. ಹಾಗೆ ಹೋದರೆ ತಾನೂ ಫ್ರೇಮಿಗೆ ಬೀಳುತ್ತಿದ್ದ. ಅಷ್ಟರಲ್ಲಿ ಹೆಜ್ಜೆ ಸಪ್ಪಳ ಮೆಟ್ಟಿಲಿಳಿಯಿತು. ದೀಪ ಹಾಕದೆಯೇ ಇಳಿದುಹೋದಳು.

ಅವನು ಉಳಿದದ್ದನ್ನು ಮುಗಿಸಿಯೇ ಕೆಳಗೆ ಬಂದ.

ಈ ಸಲ ಕೆಟ್ಟಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಧ್ರುವದ ಸುತ್ತ ನೂರಾರು ಗೆರೆ, ಕೈವಾರ ಹಿಡಿದು ಎಳೆದ ಹಾಗೆ. ಮೈ ಜುಮ್ಮೆಂದಿತು. ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು. ಒಳಕೋಣೆಯಲ್ಲಿ ಸೂಟ್‌ಕೇಸಿನ ಜಿಪ್ ಎಳೆದ ಸದ್ದು.

ಆಗ ಕಂಡಿತು. ಎಡಗಡೆ, ಮೋಟುಗೋಡೆಯಿಂದ ಆಳೆತ್ತರದವರೆಗೆ, ಒಂದೊಂದು ಗೆರೆಯಲ್ಲೂ ಸಣ್ಣ ಕಡಿತ. ಅಲ್ಲಿ ಯಾರೂ ಇರಲಿಲ್ಲ. ಚಿತ್ರಗಳನ್ನು ಪೇರಿಸುವಾಗ ಕಂಪ್ಯೂಟರು ಬೆಳಕನ್ನಷ್ಟೇ ಉಳಿಸಿಕೊಂಡು, ಕತ್ತಲಲ್ಲಿ ನಿಂತವಳನ್ನು ಬಿಟ್ಟುಬಿಟ್ಟಿತ್ತು. ಅವಳು ನಿಂತ ಜಾಗದಲ್ಲಿ ಆಮೇಲಿನ ನಕ್ಷತ್ರಗಳು ನಿರಾಳವಾಗಿ ಹಾದುಹೋಗಿದ್ದವು.

ಚಿತ್ರದ ಬೆಳಕು ಏರಿಸಿದ. ಗೋಡೆ ಕಂಡಿತು. ಟ್ಯಾಂಕು ಕಂಡಿತು, ಅದರ ಮೈಯಿಂದ ಸುಲಿದ ಬಣ್ಣ, ಒಣಹಾಕಿ ಮರೆತ ಟವೆಲು. ಅವಳಿಲ್ಲ. ಇನ್ನೂ ಏರಿಸಿದ. ಕಪ್ಪು ಬೂದಿಯಾಯಿತು, ಬೂದಿ ಬಿಳಿಯಾಯಿತು, ಗೆರೆಗಳೂ ಅದರಲ್ಲೇ ಕರಗಿದವು. ಬಿಳಿಚಿಕೊಂಡ ಆ ಖಾಲಿ ಪರದೆಯ ಮುಂದೆ ಕೂತು ಅವನು ಏರಿಸುತ್ತಲೇ ಇದ್ದ.