ನಾಲ್ಕನೇ ವಾಕ್ಯ

ತಮಿಳು ಸೀಮೆಯ ಗಡಿಯಲ್ಲಿರುವ ಆಲಸನತ್ತಂನಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ರೂಮಿನಲ್ಲಿ ಮರಿಸ್ವಾಮಿ ಮೇಷ್ಟ್ರು ಸಂಜೆ ಆರರಿಂದ ಏಳೂವರೆವರೆಗೆ ಇಂಗ್ಲೀಷ್ ಹೇಳಿಕೊಡುತ್ತಾರೆ. ನಾನೂ ಕಲ್ಪನಾನೂ ಜನರಲ್ ಶಿಫ್ಟ್ ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆವು. ನಮ್ಮ ಫ್ಯಾಕ್ಟರಿಯಲ್ಲಿ ಲೈನ್ ಲೀಡರ್ ಆಗಬೇಕಾದರೆ ಶಿಫ್ಟ್ ರಿಪೋರ್ಟನ್ನು ಇಂಗ್ಲೀಷಿನಲ್ಲಿ ಬರೆಯಬೇಕು. ಇಬ್ಬರಿಗೂ ಆ ಆಸೆ ಇತ್ತು. ಇರುವುದು ಒಂದೇ ಜಾಗ ಎಂಬ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಆವತ್ತಿನ ಪಾಠ ಆಲ್ವೇಸ್, ಯೂಶುವಲಿ, ಸಮ್‌ಟೈಮ್ಸ್, ಆಫನ್, ನೆವರ್. ನಮ್ಮ ಭಾಷೆಯಲ್ಲಿ 'ಯಾವಾಗಲೂ' ಅನ್ನೋದನ್ನ ಎಲ್ಲಿಟ್ಟರೂ ನಡೆಯುತ್ತದೆ, ಇಂಗ್ಲೀಷಿನಲ್ಲಿ ಹಾಗಲ್ಲ ಎಂದು ಮೇಷ್ಟ್ರು ಶುರುಮಾಡಿದರು.

"ಐ, ಯೂ, ಶೀ ಇವೆಲ್ಲ ಆ ಕಡೆ. ಕ್ರಿಯಾಪದ ಈ ಕಡೆ. ಈ ಪುಟ್ಟ ಪದ ಇಬ್ಬರ ಮಧ್ಯೆ ತೂರ್ಕೊಂಡು ಕೂರ್ಬೇಕು. ಶೇರ್ ಆಟೋ ಹತ್ತಿಲ್ವಾ ನೀವು?"

"ಸಾರ್, ನಮ್ ಕೆಲಮಂಗಲದ ಆಟೋದಲ್ಲಿ ಡ್ರೈವರ್ ಪಕ್ಕಾನೂ ಇಬ್ರು ಕೂರ್ತಾರೆ" ಎಂದಳು ಕಲ್ಪನಾ.

"ಇಂಗ್ಲೀಷಲ್ಲಿ ಹಂಗೆಲ್ಲ ಹತ್ತಿಸ್ಕೊಳಲ್ಲ ಕಣಮ್ಮ."

ಎಲ್ಲರೂ ನಕ್ಕೆವು. ನಿಮ್ಮ ನಿಮ್ಮ ಕೆಲಸದ ಬಗ್ಗೆ ಒಂದೊಂದು ಪದಕ್ಕೆ ಒಂದೊಂದರಂತೆ ಐದು ವಾಕ್ಯ ಬರೆದು ತನ್ನಿ ಎಂದರು.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಇಬ್ಬರೂ ಬರೆದೆವು. ಐ ಆಲ್ವೇಸ್ ವೇರ್ ಗ್ಲೌಸ್. ಐ ಯೂಶುವಲಿ ಕಮ್ ಬೈ ಬಸ್. ಐ ಸಮ್‌ಟೈಮ್ಸ್ ವರ್ಕ್ ಆನ್ ಸಂಡೇ. ನಾಲ್ಕನೆಯದಕ್ಕೆ ಕಲ್ಪನಾ ಪೆನ್ನು ಕಚ್ಚುತ್ತಾ ಕೂತಳು.

"ಪದೇ ಪದೇ ಏನ್ ಮಾಡ್ತೀನೇ ನಾನು? ಹೇಳೇ ಭಾನು."

"ಗಾರ್ಡ್ ಎತ್ತಿ ಕಟ್ತೀಯಲ್ಲ, ಅದನ್ನೇ ಬರಿ" ಎಂದೆ. ಬಸ್ಸು ಬರುವ ಹೊತ್ತಾಗಿತ್ತು. ಹೆಚ್ಚು ಯೋಚಿಸದೆ ಹೇಳಿದ ಮಾತು ಅದು. ನಾನು ಸಾಮಾನ್ಯವಾಗಿ ಯೋಚಿಸದೆ ಮಾತಾಡುವವಳಲ್ಲ.

ಪ್ರೆಸ್ ಮೆಷಿನ್ನಿನ ಮುಂದೆ ಕೈ ಒಳಗೆ ಹೋಗದಂತೆ ತಡೆಯುವ ಕಂಬಿಯ ಬಾಗಿಲಿಗೆ ಗಾರ್ಡ್ ಅನ್ನುತ್ತಾರೆ. ಒಂದೊಂದು ಪೀಸಿಗೂ ಅದು ಇಳಿದು ಏಳಬೇಕು. ಹಾಗೆ ಮಾಡಿದರೆ ದಿನದ ಕೌಂಟ್ ಬರುವುದಿಲ್ಲ. ನಮ್ಮ ಸೂಪರ್‌ವೈಸರ್ ಜಗನ್ ಬೆಳಿಗ್ಗೆ ತಾನೇ ತಂತಿಯ ತುಂಡು ಹಂಚುತ್ತಿದ್ದ. "ಏನ್ರಮ್ಮಾ ಇಂಗ್ಲೀಷ್ ಮೇಡಂಗಳು, ಕಟ್ಟಿ ಮೇಲಕ್ಕೆ. ಸಾಯಂಕಾಲ ನನ್ನ ಮುಖಕ್ಕೆ ಉಗಿಸಬ್ಯಾಡ್ರಿ." ಆರು ಮೆಷಿನ್ನಿನ ಆರು ಜನವೂ ಕಟ್ಟುತ್ತಿದ್ದೆವು. ಆಡಿಟ್‌ನವರು ಬರುವ ದಿನ ಬಿಚ್ಚುತ್ತಿದ್ದೆವು.

ಕಲ್ಪನಾ ಬರೆದಳು. ಐ ಆಫನ್ ಟೈ ಅಪ್ ದ ಗಾರ್ಡ್. ಮಾರನೇ ದಿನ ಮೇಷ್ಟ್ರು ಅದಕ್ಕೆ ರೈಟ್ ಹಾಕಿ ಗುಡ್ ಎಂದು ಬರೆದರು.

ಹದಿನಾರು ದಿನದ ಮೇಲೆ ಅವಳ ಬಲಗೈ ಪ್ರೆಸ್ಸಿಗೆ ಸಿಕ್ಕಿತು. ಎರಡು ಬೆರಳು ಅಲ್ಲೇ ಹೋದವು, ಮೂರನೆಯದನ್ನು ಆಸ್ಪತ್ರೆಯಲ್ಲಿ ತೆಗೆದರು. ಅವಳನ್ನು ವ್ಯಾನಿಗೆ ಹತ್ತಿಸುವಾಗ ನಾನು ಹಿಂದಿರುಗಿ ನೋಡಿದೆ. ಜಗನ್ ಉಳಿದ ಐದು ಮೆಷಿನ್ನಿನ ತಂತಿಗಳನ್ನು ಕಟ್ ಮಾಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಾನು ನೋಡಿದ್ದನ್ನು ಅವನೂ ನೋಡಿದ.

ವಾರದ ನಂತರ ಎಚ್‌ಆರ್ ಆಫೀಸಿನಿಂದ ನನಗೆ ಕರೆ ಬಂತು. "ಉಕ್ಕಾರುಮ್ಮಾ" ಎಂದರು ಅಲ್ಲಿನ ಮೇಡಂ. ಕೂತೆ. ಮೇಜಿನ ಮೇಲೆ ಕಲ್ಪನಾಳ ನೋಟ್‌ಬುಕ್ ಇತ್ತು. ಆಸ್ಪತ್ರೆಗೆ ಬೇಕಾದ ಇಎಸ್‌ಐ ಕಾರ್ಡಿಗಾಗಿ ಅವಳ ಲಾಕರ್ ತೆಗೆಸಿದಾಗ ಬ್ಯಾಗಿನಲ್ಲಿ ಸಿಕ್ಕಿತಂತೆ. ನಾಲ್ಕನೇ ವಾಕ್ಯದ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು.

"ಇದು ಅವಳದೇ ಕೈಬರಹವಾ?" ಮೇಡಂ ತಮಿಳಿನಲ್ಲಿ ಕೇಳಿದರು.

"ಹೌದು ಮೇಡಂ. ಆದ್ರೆ ಅದು ಟ್ಯೂಷನ್ ಹೋಂವರ್ಕು."

"ಸುಳ್ಳು ಬರೆದಿದ್ದಾಳಾ?"

"ಸುಳ್ಳಲ್ಲ. ಎಲ್ರೂ..." ಎಂದು ನಿಲ್ಲಿಸಿದೆ. ಗೋಡೆಗೆ ಒರಗಿ ಜಗನ್ ನಿಂತಿದ್ದ.

"ಎಲ್ಲರ ವಿಚಾರ ಬೇಡ. ಅವಳ ವಿಚಾರ ಕೇಳ್ತಿದೀನಿ. ಗಾರ್ಡ್ ಕಟ್ತಿದ್ದದ್ದು ಅವಳೇ ತಾನೇ? ನಿನಗೆ ಇಂಗ್ಲೀಷ್ ಬರುತ್ತಂತಲ್ಲ, ನೀನೇ ಬರೆದುಕೊಡು. ಲೈನ್ ಲೀಡರ್ ಹೆಸರು ಈ ತಿಂಗಳು ಕಳಿಸಬೇಕು. ನಿನ್ನ ಕೈಬರಹವನ್ನೂ ನೋಡಿದ ಹಾಗಾಗುತ್ತೆ."

ನಾನು ಬರೆದೆ. ಹೇಗೆ ಬರೆದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಬರೆಯುವಾಗ ಕಲ್ಪನಾಳ ನೆನಪಿಗಿಂತ ಪದ ಎಲ್ಲಿ ಕೂರಬೇಕು ಎಂಬ ಚಿಂತೆಯೇ ದೊಡ್ಡದಾಗಿತ್ತು. ಶೀ ಆದಮೇಲೆ ಆಫನ್, ಅದಾದಮೇಲೆ ಟೈಡ್. ಎರಡು ಸಲ ಓದಿ ನೋಡಿದೆ. ತಂತಿಯ ಮಾತು, ಜಗನ್ನನ ಮಾತು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಸಹಿ ಹಾಕಿದೆ.

ಹತ್ತು ದಿನಕ್ಕೆ ಕಲ್ಪನಾಳನ್ನು ಕೆಲಸದಿಂದ ತೆಗೆದರು. ಸುರಕ್ಷತಾ ನಿಯಮವನ್ನು ತಾನಾಗಿಯೇ ಮೀರಿದ್ದಾಳೆ ಎಂದು ಕಾರಣ ಕೊಟ್ಟರು.

ಭಾನುವಾರ ಕೆಲಮಂಗಲಕ್ಕೆ ಹೋದೆ. ಉದ್ದನಪಲ್ಲಿಯ ನಮ್ಮ ಮನೆಯಿಂದ ಅದೇನು ದೂರವಲ್ಲ, ಆದರೂ ಮೂರು ವಾರ ಹೋಗಿರಲಿಲ್ಲ. ಅವಳ ತಾಯಿ ಅಶ್ವತ್ಥಮ್ಮ ಬಾಗಿಲಲ್ಲೇ ನನ್ನ ಕೆನ್ನೆ ಸವರಿದರು. "ಬಾರಮ್ಮ. ಆ ಕಂಪೆನಿಯಿಂದ ಬಂದೋಳು ನೀನೊಬ್ಬಳೇ ಕಣವ್ವ. ಇರು, ಕಾಫಿ ಇಕ್ತೀನಿ" ಎಂದು ಒಳಗೆ ಹೋದರು.

ಕಲ್ಪನಾ ಮಂಚದ ಮೇಲೆ ಕೂತು ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಬೈತಲೆ ಸೊಟ್ಟಗಿತ್ತು.

"ನಿನ್ನನ್ನೂ ಕರೆಸಿದ್ರಂತೆ?"

"ಹೂಂ."

"ಜಗನ್ ತಂತಿ ಕೊಡ್ತಿದ್ದದ್ದು ಹೇಳಿದ್ಯಾ?"

"ಹೇಳ್ದೆ" ಎಂದೆ. ಬಾಯಿ ತಾನಾಗಿ ಅಂದುಬಿಟ್ಟಿತು.

ಅವಳ ಮುಖ ಸಡಿಲವಾಯಿತು. "ನಂಗೊತ್ತಿತ್ತು ಕಣೇ. ಉಳಿದೋರೆಲ್ಲ ಫೋನೇ ಎತ್ತಲ್ಲ. ನಾಳೆ ಬಿಟ್ಟು ಮುಂದಿನ ಸೋಮವಾರ ಕೃಷ್ಣಗಿರಿ ಲೇಬರ್ ಆಫೀಸಲ್ಲಿ ವಿಚಾರಣೆ ಇದೆ. ಸಾಕ್ಷಿಗೆ ನಿನ್ನ ಹೆಸರೇ ಕೊಟ್ಟಿದೀನಿ. ಆಮೇಲೆ ಕೆಲಸ ವಾಪಸ್ ಕೊಡಲೇಬೇಕು ಅಂತಾರೆ ವಕೀಲರು. ಒಳಗೆ ಹೇಳಿದ್ದನ್ನೇ ಅಲ್ಲೂ ಹೇಳು, ಅಷ್ಟೇ."

ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದು. ಆ ಕಂಪೆನಿಯ ಫೈಲಿನಲ್ಲಿ ನನ್ನ ಸಹಿಯ ಹಾಳೆ ಇದೆ. ಸೋಮವಾರ ಅದನ್ನು ಅವಳ ಮುಂದೆಯೇ ಓದುತ್ತಾರೆ.

"ಕಲ್ಪನಾ, ನಾನು ಹೇಳ್ಲಿಲ್ಲ."

"ಏನು?"

"ಜಗನ್ ವಿಷಯ ಹೇಳ್ಲಿಲ್ಲ. ನೀನೇ ಕಟ್ತಿದ್ದೆ ಅಂತ ಬರ್ಕೊಟ್ಟೆ. ಲೈನ್ ಲೀಡರ್ ಮಾಡ್ತೀವಿ ಅಂದ್ರು."

ಬಾಚಣಿಗೆ ಅವಳ ಕೂದಲಲ್ಲೇ ನಿಂತಿತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಸೋಮವಾರ ಎಲ್ಲ ಹೇಳುತ್ತೇನೆ ಎನ್ನಲು ಧೈರ್ಯ ಬರುತ್ತಿತ್ತೇನೋ.

"ಇಂಗ್ಲೀಷಲ್ಲಿ ಬರ್ಕೊಟ್ಯಾ?"

"ಹೂಂ."

"ತಪ್ಪಿಲ್ದಂಗೆ?"

"ತಪ್ಪಿಲ್ದಂಗೆ."

ಅವಳು ಬಾಚಣಿಗೆ ಬಿಡಿಸಿಕೊಂಡು ಪಕ್ಕಕ್ಕಿಟ್ಟಳು. ಆಮೇಲೆ ಒಳಗಡೆಗೆ ಕೂಗಿದಳು.

"ಅಮ್ಮಾ, ಕಾಫಿ ಬ್ಯಾಡ. ಭಾನು ಹೊರಟ್ಲು."