ಮಗ್ಗ ನಿಂತ ಮೇಲೆ

ಸದ್ದು ನಿಂತಿತು, ಕರೆಂಟು ಹೋದದ್ದು ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ, ನೆಲದಲ್ಲಿ ನಡುಕವಿಲ್ಲ, ಲಾಳಿ ಎಳೆಗಳ ನಡುವೆ ಅರ್ಧ ದಾರಿಯಲ್ಲೇ ನಿಂತಿದೆ, ದೊಡ್ಡಬಳ್ಳಾಪುರದ ಈ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿವೆ, ಅಬ್ಬ, ಸ್ವಲ್ಪ ಕೂರಬಹುದು, ಎಂಟು ತಿಂಗಳ ಹೊಟ್ಟೆ ಹೊತ್ತು ಬೆಳಗ್ಗೆಯಿಂದ ನಿಂತೇ ಇದ್ದೇನೆ — ಮೊಬೈಲು ಟಿಂಗ್ ಅನ್ನುತ್ತದೆ, ಹನ್ನೊಂದು ಗಂಟೆ, ಇದೊಂದು ತಪ್ಪುವುದಿಲ್ಲ, ಇಂದು ಮಗು ಎಂದಿನಂತೆ ಒದೆಯುತ್ತಿದೆಯೇ, ಕೆಳಗೆ ಎರಡು ಗುಂಡಿ, ಹಸಿರಿನದು ಹೌದು, ಕೆಂಪಿನದು ಇಲ್ಲ. ಆಶಾ ಕಾರ್ಯಕರ್ತೆ ಭಾಗ್ಯಮ್ಮ ಈ ಆ್ಯಪ್ ಹಾಕಿಕೊಟ್ಟಾಗಿನಿಂದ ದಿನಾ ಹಸಿರನ್ನೇ ಒತ್ತಿದ್ದೇನೆ, ಕೆಂಪು ಒತ್ತಿದರೆ ಅವರಿಗೆ ಸುದ್ದಿ ಹೋಗುತ್ತದಂತೆ, ಫೋನು ಮಾಡುತ್ತಾರಂತೆ, ಫೋನು ಬಂದರೆ ಮಗ್ಗ ನಿಲ್ಲಿಸಬೇಕು, ನಿಲ್ಲಿಸಿದರೆ ಅತ್ತೆ ಅಕ್ಕಯ್ಯಮ್ಮನ ಮುಖ ನೋಡಬೇಕು, ಯಾರಿಗೆ ಬೇಕು. ಹೋದ ಒಂಬತ್ತನೇ ತಾರೀಕು ಆಸ್ಪತ್ರೆಯಲ್ಲಿ ತಪಾಸಣೆ ಇತ್ತು, ಹೋಗಿದ್ದಿರಾ ಅಂತ ಆ್ಯಪ್ ಮೂರು ಸಲ ಕೇಳಿತು, ಮದುವೆ ಸೀರೆ ಎರಡು ಬಾಕಿ ಇದ್ದವು, ಒಂದ್ಸಲ ಹೋಗ್ದಿದ್ರೆ ಏನಾಗ್ತದೆ ಬಿಡಮ್ಮ, ನಾನು ಮೂರು ಹೆತ್ತೆ, ಯಾವ ಮೊಬೈಲು ನೋಡ್ಕೊಂಡು ಹೆತ್ತೆ, ಅಂದರು ಅತ್ತೆ, ನಾನೂ ಹೌದು ಒತ್ತಿದೆ, ಅದು ಶಹಬ್ಬಾಸ್ ಅಂತ ಒಂದು ಹೂವು ತೋರಿಸಿತು, ನಾಚಿಕೆಯಾಗಿ ಮೊಬೈಲನ್ನು ಬೋರಲು ಹಾಕಿದೆ.

ಹೆಬ್ಬೆರಳು ತಾನಾಗಿ ಹಸಿರಿನ ಕಡೆ ಹೋಗುತ್ತದೆ, ನಿಲ್ಲುತ್ತದೆ. ಒದೆಯುತ್ತಿದೆಯೇ? ಬೆಳಗ್ಗೆ ಹೊಟ್ಟೆ ಅದುರಿತಲ್ಲ, ನಿನ್ನೆಯೂ ಅದುರಿತಲ್ಲ — ಆದರೆ ಮಗ್ಗ ಓಡುತ್ತಿತ್ತು, ಮಗ್ಗ ಓಡುವಾಗ ಈ ಮನೆಯಲ್ಲಿ ಯಾವುದು ಅದುರುವುದಿಲ್ಲ, ಗೂಡಿನ ಲೋಟ ಅದುರುತ್ತದೆ, ಲೋಟದ ನೀರು ಅದುರುತ್ತದೆ, ನನ್ನ ಹಲ್ಲೂ ಅದುರುತ್ತದೆ. ಈಗ ಲೋಟ ಸುಮ್ಮನಿದೆ, ನೀರು ಸುಮ್ಮನಿದೆ, ಹೊಟ್ಟೆಯೂ — ಇಲ್ಲ, ಮಲಗಿರಬೇಕು, ಈ ಸದ್ದಿನಲ್ಲಿ ಅದಕ್ಕೂ ದಣಿವಾಗಿರಬೇಕು, ಏಳು ಕಂದ, ಒಂದೇ ಒಂದು ಸಲ. ಸಿಹಿ ತಿಂದರೆ ಮಗು ಮಿಸುಕುತ್ತದಂತೆ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ, ಎಡಕ್ಕೆ ಒರಗಿದೆ, ಏನೂ ಇಲ್ಲ, ಭಯವಾಗುತ್ತಿದೆ, ಭಯಪಡುವುದಕ್ಕೂ ಶಕ್ತಿ ಬೇಕು. ನಿಜವಾಗಿ ಒದ್ದದ್ದು ಯಾವಾಗ, ಭಾನುವಾರ, ಮಗ್ಗಕ್ಕೆ ರಜ, ಇವರಿಗೂ ದಾಬಸ್‌ಪೇಟೆ ಫ್ಯಾಕ್ಟರಿಗೆ ರಜ, ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿಂದ ಬಾಗ್ಲು ಬಡೀತೈತಲ್ಲೇ ಅಂತ ನಕ್ಕರು. ಇವತ್ತು ಬುಧವಾರ. ಸೋಮವಾರ ಹೌದು, ಮಂಗಳವಾರ ಹೌದು, ನಾನು ಎಣಿಸಿದ್ದು ಯಾರ ಒದೆತವನ್ನು?

ಕೆಂಪು ಒತ್ತಿದೆ. ಭಾಗ್ಯಮ್ಮನ ಫೋನು ಆಗಲೇ ಬಂತು, ಅನಿತಾ, ಯಾವಾಗಿಂದಮ್ಮ, ಗೊತ್ತಿಲ್ಲ ಅಕ್ಕ, ಗೊತ್ತಿಲ್ಲ ಅಂದ್ರೆ, ದಿನಾ ಹೌದು ಅಂತ ಬರ್ತಿತ್ತಲ್ಲ, ಮಗ್ಗ ಓಡ್ತಿತ್ತು ಅಕ್ಕ — ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಆಟೋ ತರ್ತೀನಿ, ಬಾಗ್ಲಲ್ಲೇ ಕೂತಿರು, ಆಸ್ಪತ್ರೆಗೆ ಹೋಗ್ಬಿಡಾಣ. ಎದ್ದೆ, ಕರೆಂಟು ಬಂತು, ಲಾಳಿ ಓಡಿತು, ನೆಲ ನಡುಗಿತು, ಹೊಟ್ಟೆಯೊಳಗೆ ಏನೋ ಅದುರಿತು — ಮಗುವೇ, ಮಗ್ಗವೇ — ಸ್ವಿಚ್ಚು ಆರಿಸಿದೆ, ಒಳಗಿಂದ ಅತ್ತೆ ಬಂದರು, ಯಾಕೆ ನಿಲ್ಲಿಸ್ದೆ, ಸೆರಗು ಅರ್ಧಕ್ಕೆ ನಿಂತದೆ, ಅತ್ತೆ, ಮಗು ಅಲ್ಲಾಡ್ತಿಲ್ಲ. ಅವರು ನನ್ನನ್ನು ನೋಡಿದರು, ನಿಂತ ಮಗ್ಗವನ್ನು ನೋಡಿದರು, ಆದರೂ ನೆಲ ನಡುಗುತ್ತಲೇ ಇದೆ, ಪಕ್ಕದ ಮನೆಯದು, ಎದುರು ಮನೆಯದು, ಬೀದಿಗೆ ಬೀದಿಯೇ ಓಡುತ್ತಿದೆ — ಅತ್ತೆ ಬರಿಗಾಲಲ್ಲಿ ಬೀದಿಗೆ ಓಡಿದ್ದಾರೆ, ಲೋ ಪಿಳ್ಳಣ್ಣ, ಮಗ್ಗ ನಿಲ್ಸೋ, ನಮ್ಮ ಹುಡುಗಿ ಹೊಟ್ಟೆ ಕೇಳುಸ್ಬೇಕು, ನಿಲ್ಸ್ರಪ್ಪೋ, ಪಕ್ಕದ್ದು ನಿಂತಿತು, ಎದುರಿನದು ನಿಂತಿತು, ಅದರಾಚೆಯದೂ ನಿಂತಿತು, ಲೋಟದ ನೀರು ಸುಮ್ಮನಾಗುತ್ತಿದೆ, ಕೈ ಹೊಟ್ಟೆಯ ಮೇಲೆ, ಬಡಿ ಕಂದ, ಬಾಗಿಲು ಬಡಿ, ಕಣ್ಣ ಮುಂದೆ ಲಾಳಿ, ಎಳೆಗಳ ನಡುವೆ, ಅರ್ಧ ದಾರಿಯಲ್ಲಿ, ಲಾಳಿ —