ಹೊಕ್ಕುಳ ಪಕ್ಕದ ಗಂಟು

ಉಂಡು ಎದ್ದರೆ ಸಾಕು, ಬೊಮ್ಮಪ್ಪನಿಗೆ ಹೊಟ್ಟೆ ಹಿಂಡಿಕೊಂಡು ಬರುತ್ತಿತ್ತು. ತೋವಿನಕೆರೆ ಸುತ್ತಿನ ಹುಣಸೆ ಮರಗಳನ್ನೆಲ್ಲ ಹತ್ತಿ ಬಡಿಯುತ್ತಿದ್ದ ಮನುಷ್ಯ, ಈಗ ನಾಲ್ಕು ತುತ್ತು ಮುದ್ದೆ ನುಂಗಿದರೆ ವಾಂತಿ. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋಗಿದ್ದ. ಅಂಗಡಿಯ ಗ್ಯಾಸ್ ಮಾತ್ರೆ ನುಂಗಿದ್ದೇ ನುಂಗಿದ್ದು.

ಹೊಟ್ಟೆನೋವೆಂದರೆ ಊರಿನವರು ಬರುವುದೇ ಅವನ ಹೆಂಡತಿ ಆಂಜಿನಮ್ಮನ ಹತ್ತಿರ. ಹರಳೆಣ್ಣೆ ಸವರಿ ನೀವುವುದರಲ್ಲಿ ಅವಳದು ಎತ್ತಿದ ಕೈ. ಒಂದು ದಿನ ಗಂಡನ ಹೊಟ್ಟೆ ನೀವುವಾಗ ಹೊಕ್ಕುಳ ಪಕ್ಕ ಗಟ್ಟಿ ಗಂಟೊಂದು ಕೈಗೆ ಸಿಕ್ಕಿತು. ಕರಗಿಸಿಯೇ ಬಿಡುತ್ತೇನೆಂದು ಬಲವಾಗಿ ಒತ್ತಿದಳು. ಬೊಮ್ಮಪ್ಪ ಬೀದಿಗೆ ಕೇಳುವಂತೆ ಕಿರುಚಿದ.

ಪಕ್ಕದ ಮನೆಯ ಶಶಿರೇಖಾ ಓಡಿಬಂದಳು. ಅವಳು ಹೊಳವನಹಳ್ಳಿಯ ಆಸ್ಪತ್ರೆಯಲ್ಲಿ ನರ್ಸ್.

"ಒತ್ತಬ್ಯಾಡ ಕಣಕ್ಕ, ಕೈ ತೆಗಿ! ಬಾವ, ಮೋಷನ್ ಹೆಂಗೋಯ್ತದೆ?"

"ಕರ್ರಗೆ ಕಣಮ್ಮ, ಟಾರಿನಂಗೆ."

"ಹಂಗಾದ್ರೆ ಒಳಗೆಲ್ಲೋ ರಕ್ತ ಸೋರ್ತಿರ್ಬೋದು, ಆಸ್ಪತ್ರೆಗೆ ತೋರಿಸ್ಬೇಕು."

"ಬಾಯೊಳಗೆ ಪೈಪು ಬಿಟ್ಟು ಎಂಡೋಸ್ಕೋಪಿ ಮಾಡ್ಸಿದ್ವಲ್ಲ ಶಶಿ, ಏನೂ ಇಲ್ಲ ಅಂದ್ರು!" ಆಂಜಿನಮ್ಮನಿಗೆ ಸಿಟ್ಟೇ ಬಂತು.

"ಆ ಪೈಪು ಹೊಟ್ಟೆ ದಾಟಿ ಒಂಚೂರು ನೋಡ್ತದೆ, ಅಷ್ಟೇ. ಅಲ್ಲಿಂದಾಚೆ ಸಣ್ಣ ಕರುಳು ಮಾರುಗಟ್ಲೆ ಐತೆ. ಅದಕ್ಕೆ ಸಿಟಿ ಸ್ಕ್ಯಾನ್ ಬೇಕು. ನಾನೂ ಬತ್ತೀನಿ, ಹೊರಡಿ."

ತುಮಕೂರಿನ ಸ್ಕ್ಯಾನಿನಲ್ಲಿ ಸಣ್ಣ ಕರುಳಿನ ಗಡ್ಡೆ ಕಂಡಿತು. ಕರುಳು ಮುಚ್ಚುತ್ತ ಬಂದಿದೆ, ಕ್ಯಾನ್ಸರ್ ಇರುವಂತಿದೆ, ಬೇಗ ಆಪರೇಷನ್ ಮಾಡಬೇಕು ಎಂದರು ಡಾಕ್ಟರು. ಬೊಮ್ಮಪ್ಪ ಮಂಚದಿಂದಿಳಿದು ಚಪ್ಪಲಿ ಮೆಟ್ಟಿಕೊಂಡ.

"ಕೊಯ್ದು ಗಾಳಿ ಸೋಕಿದ್ರೆ ಮೈಯೆಲ್ಲ ಹರಡ್ತದೆ ಕಣೇ. ನಮ್ಮೂರ ಸಣ್ಣರಂಗಯ್ಯ ಗಡ್ಡೆ ಕೊಯ್ಸಿದ ಮ್ಯಾಲೆ ಉಳುದ್ನಾ? ನಡಿ ಮನೆಗೆ, ನೀನೇ ತಿಕ್ಬುಡು."

"ಗಾಳಿಯಿಂದ ಹರಡಲ್ಲ ಬಾವ," ಎಂದಳು ಶಶಿರೇಖಾ. "ಸಣ್ಣರಂಗಯ್ಯ ಆಸ್ಪತ್ರೆಗೆ ಬಂದಾಗ್ಲೇ ಹರಡ್ಬುಟ್ಟಿತ್ತು. ಗಡ್ಡೆ ಇರೋ ತುಂಡನ್ನ ಆಚೀಚೆ ಒಳ್ಳೆ ಕರುಳಿನ ಸಮೇತ ತೆಗೆದು, ಎರಡು ತುದಿ ಸೇರಿಸಿ ಹೊಲಿತಾರೆ."

ಬೊಮ್ಮಪ್ಪ ಬಾಗಿಲಿಗೆ ನಡೆದ. ಆಂಜಿನಮ್ಮ ಅಡ್ಡ ನಿಂತಳು.

"ಊರಿನೋರ ಹೊಟ್ಟೆ ಎಲ್ಲಾ ನೀವಿದೀನಿ. ಇದು ನನ್ ಕೈಲಿ ಆಗಕಿಲ್ಲ. ನಿನ್ನ ಕಳ್ಕಂಬುಡ್ತೀನೇನೋ ಅಂತ ಭಯ ಆಯ್ತದೆ. ಆಪರೇಷನ್ನಿಗೆ ಸೈನ್ ಹಾಕು."

ಆಗುವುದಿಲ್ಲ ಎಂಬ ಮಾತನ್ನು ಅವಳ ಬಾಯಿಂದ ಬೊಮ್ಮಪ್ಪ ಕೇಳಿದ್ದೇ ಇಲ್ಲ. ಚಪ್ಪಲಿ ಬಿಟ್ಟು ಸೈನ್ ಹಾಕಿದ.

ಆಪರೇಷನ್ ಆಯಿತು. ಅದು ಅಪರೂಪದ ಕ್ಯಾನ್ಸರೇ ಎಂದು ಆಮೇಲೆ ಖಚಿತವಾಯಿತು. ಪುಣ್ಯಕ್ಕೆ ಬೇರೆಡೆ ಹರಡಿರಲಿಲ್ಲ. ಮೊದಮೊದಲು ಬರೀ ಗಂಜಿ ಕುಡಿಯುತ್ತಿದ್ದ ಬೊಮ್ಮಪ್ಪ ಈಗ ಮುದ್ದೆ ಉಣ್ಣುತ್ತಾನೆ, ಕರೆದಾಗೆಲ್ಲ ತಪಾಸಣೆಗೆ ಹೋಗುತ್ತಾನೆ. ಇನ್ನೂ ಸ್ವಲ್ಪ ದಿನ ನೀವುತ್ತಲೇ ಕೂತಿದ್ದರೆ ಎಂದು ಶುರುಮಾಡಿದ ಮಾತನ್ನು ಆಂಜಿನಮ್ಮ ಯಾವತ್ತೂ ಪೂರ್ತಿ ಮಾಡುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಹೊಟ್ಟೆನೋವೂ ಕ್ಯಾನ್ಸರ್ ಅಲ್ಲ. ಆದರೆ ಉಂಡ ಮೇಲೆ ಪದೇ ಪದೇ ನೋವು, ವಾಂತಿ, ಕಪ್ಪು ಮಲ, ಸುಮ್ಮಸುಮ್ಮನೆ ಮೈ ಇಳಿಯುವುದು ಕಂಡರೆ ಆಸ್ಪತ್ರೆಗೆ ಹೋಗಿ. ಒಂದು ಪರೀಕ್ಷೆ ಸರಿಯಾಗಿ ಬಂತೆಂದು ಸುಮ್ಮನಾಗಬೇಡಿ. "ನೋವು ಹೋಗಿಲ್ಲ ಡಾಕ್ಟ್ರೇ, ಇನ್ನೇನು ನೋಡಬೇಕು?" ಎಂದು ನೀವೇ ಬಾಯಿಬಿಟ್ಟು ಕೇಳಿ.